ಒಂದು ವೇಳೆ ನಾರ್ಮನ್ನರು ಕ್ರೊಯೇಷಿಯಾ ಆಳಿದ್ದರೆ....

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳಾಗಿತ್ತು. ಆಫೀಸಿನಲ್ಲಿ ರಿಲೀಸು, ರಿಲೀಸಿನ ಹಿಂದೆ ಬಗ್ಗು, ಬಗ್ಗಿನ ಹಿಂದೆ ಮ್ಯಾನೇಜರು. ಕಳೆದ ಶನಿವಾರ ರಾತ್ರಿ ಬಿಲ್ಡ್ ಮುಗಿಯುವುದನ್ನೇ ಕಾಯುತ್ತಾ ಕೂತಿದ್ದೆ. ಇಂಥ ಹೊತ್ತಿನಲ್ಲಿ ನಿದ್ದೆ ಬರದಿರಲಿ ಅಂತ ಕೆಲಸಕ್ಕೆ ಬಾರದ್ದು ಏನಾದರೂ ಓದುವ ಚಟ ನನ್ನದು. ಆ ರಾತ್ರಿ ಕೈಗೆ ಸಿಕ್ಕಿದ್ದು ಕ್ರೊಯೇಷಿಯಾದ ಇತಿಹಾಸ.

ಕ್ರೊಯೇಷಿಯಾ ಅಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಕೆಂಪು-ಬಿಳಿ ಚೌಕಳಿ ಅಂಗಿ ಹಾಕಿಕೊಂಡು 2018ರ ವಿಶ್ವಕಪ್ ಫೈನಲ್ ತನಕ ಬಂದ ಫುಟ್‌ಬಾಲ್ ತಂಡ. ಓದುತ್ತಾ ಓದುತ್ತಾ ಒಂದು ಸಾಲಿನ ಹತ್ತಿರ ಗಕ್ಕನೆ ನಿಂತುಬಿಟ್ಟೆ. 1075ರ ನವೆಂಬರಿನಲ್ಲಿ ಸ್ಪ್ಲಿಟ್ ಊರಿನಲ್ಲಿ ಪೋಪನ ಪ್ರತಿನಿಧಿಯೊಬ್ಬ ಚರ್ಚಿನವರ ಸಭೆ ಸೇರಿಸಿದ್ದ. ಅದಕ್ಕೆ ಸಂಬಂಧಪಟ್ಟ ಲ್ಯಾಟಿನ್ ಪತ್ರವೊಂದರಲ್ಲಿ, ಕೌಂಟ್ ಅಮಿಕೊ ಕ್ರೊಯೇಷಿಯಾದ ರಾಜನನ್ನು ಹಿಡಿದ ಕಾಲ ಅದು, ಅಂತ ಬರೆದಿದ್ದಾರೆ. ನಮ್ಮ ಅಜ್ಜಿ "ದೊಡ್ಡ ನೆರೆ ಬಂದ ವರ್ಷ ಹುಟ್ಟಿದವ ಇವ" ಅಂತ ಹೇಳುತ್ತಿದ್ದರಲ್ಲ, ಹಾಗೆ. ಕಾಲ ಗುರುತಿಸಲಿಕ್ಕೆ ಒಂದು ಗೂಟ, ಅಷ್ಟೇ.

ಆದರೆ ಗಮನಿಸಿದಿರಾ? ಹಿಡಿದವನ ಹೆಸರಿದೆ. ಸಿಕ್ಕಿಬಿದ್ದ ರಾಜನ ಹೆಸರಿಲ್ಲ!

ಸಿಕ್ಕಿಬಿದ್ದವನು ಪೀಟರ್ ಕ್ರೆಶಿಮಿರ್ ಅಂತ ಕೆಲವು ಇತಿಹಾಸಕಾರರು, ಅಲ್ಲ ಸ್ಲಾವಾತ್ಸ್ ಅನ್ನುವವನು ಅಂತ ಇನ್ನು ಕೆಲವರು ಇವತ್ತಿಗೂ ಗುದ್ದಾಡುತ್ತಾರೆ. ಒಂದು ದೇಶದ ರಾಜ ಸೆರೆ ಸಿಕ್ಕಿದ, ಆಮೇಲೆ ಏನಾದ ಅಂತ ಒಂದು ಸಾಲಿಲ್ಲ. ನನಗೆ ಬಿಲ್ಡ್ ಮರೆತೇ ಹೋಯಿತು.

ಈ ಅಮಿಕೊ ಒಬ್ಬ ನಾರ್ಮನ್. ಇಟಲಿಯ ಹಿಮ್ಮಡಿಯ ಹತ್ತಿರ, ಬಾರಿ ಪಟ್ಟಣದ ಪಕ್ಕದಲ್ಲಿ ಜೊವಿನಾತ್ಸೊ ಅಂತ ಒಂದು ಬಂದರು ಇದೆ, ಅಲ್ಲಿಯ ಕೌಂಟ್. ನಾರ್ಮನ್ನರು ಅಂದರೆ ನಮಗೆ ಶಾಲೆಯಲ್ಲಿ ಉರು ಹೊಡೆಸಿದ 1066, ಹೇಸ್ಟಿಂಗ್ಸ್ ಯುದ್ಧ, ವಿಲಿಯಂ ಇಷ್ಟೇ ನೆನಪು. ಆದರೆ ಅದೇ ಕಾಲಕ್ಕೆ ನಾರ್ಮಂಡಿಯ ಇನ್ನೊಂದಿಷ್ಟು ಹುಡುಗರು, ಮನೆಯಲ್ಲಿ ಜಮೀನು ಪಾಲಿಗೆ ಬಾರದವರು, ಕತ್ತಿ ಕಟ್ಟಿಕೊಂಡು ದಕ್ಷಿಣ ಇಟಲಿಗೆ ಹೋಗಿದ್ದರು. ಮೊದಲು ಕೂಲಿ ಸೈನಿಕರಾಗಿ. ಆಮೇಲೆ ಕೂಲಿ ಕೊಟ್ಟವರ ಊರನ್ನೇ ನುಂಗಿದರು. 1053ರಲ್ಲಿ ಚಿವಿತಾತೆ ಅನ್ನುವಲ್ಲಿ ಸಾಕ್ಷಾತ್ ಪೋಪ್ ಒಂಬತ್ತನೇ ಲಿಯೋನನ್ನೇ ಸೆರೆ ಹಿಡಿದರು. ಆರು ವರ್ಷ ಕಳೆದ ಮೇಲೆ, 1059ರಲ್ಲಿ, ಮೆಲ್ಫಿಯಲ್ಲಿ ಇನ್ನೊಬ್ಬ ಪೋಪ್ ಅವರ ನಾಯಕ ರಾಬರ್ಟ್ ಗಿಸ್ಕಾರ್ಡನಿಗೆ ಡ್ಯೂಕ್ ಪದವಿ ಕೊಟ್ಟು ಕೈಕುಲುಕಿದ. 1071ರಲ್ಲಿ ಬಾರಿ ಅವರ ಕೈಗೆ ಬಂತು, 1072ರಲ್ಲಿ ಪಲೆರ್ಮೊ.

ಬಾರಿಯ ದಡದಲ್ಲಿ ನಿಂತರೆ ಎದುರಿಗೆ ಏಡ್ರಿಯಾಟಿಕ್ ಸಮುದ್ರ. ಆಚೆ ದಡಕ್ಕೆ ಸುಮಾರು 200 ಕಿಲೋಮೀಟರು. ಬೆಂಗಳೂರಿನಿಂದ ಹಾಸನಕ್ಕಿಂತ ಸ್ವಲ್ಪ ದೂರ, ಅಷ್ಟೇ. ಆಚೆ ದಡವೇ ಡಾಲ್ಮೇಷಿಯಾ.

ಅಲ್ಲಿಯ ಪರಿಸ್ಥಿತಿ ಒಂದು ಥರ ಎರಡು ಪದರದ್ದು. ದಡದಲ್ಲಿದ್ದ ಜಾದರ್, ಟ್ರೊಗಿರ್, ಸ್ಪ್ಲಿಟ್ ಇವೆಲ್ಲ ಹಳೇ ರೋಮನ್ ಕಾಲದ ಬೇರಿನ ಪಟ್ಟಣಗಳು. ಅಲ್ಲಿಯ ಜನರ ಬರವಣಿಗೆ ಲ್ಯಾಟಿನ್, ಹೆಸರಿಗೆ ಬೈಜಾಂಟಿಯಂ ಚಕ್ರವರ್ತಿಯ ಪ್ರಜೆಗಳು. ಬೆಟ್ಟದ ಹಿಂದೆ ಒಳನಾಡಿನಲ್ಲಿ ಸ್ಲಾವ್ ಭಾಷೆಯ ಕ್ರೊಯೇಟರು, ಅವರಿಗೆ ಅವರದೇ ರಾಜ. 1058ರಿಂದ ಆಳಿದ ಪೀಟರ್ ಕ್ರೆಶಿಮಿರ್ ಈ ಎರಡನ್ನೂ ಸೇರಿಸಿ ತಾನು ಕ್ರೊಯೇಷಿಯಾ ಮತ್ತು ಡಾಲ್ಮೇಷಿಯಾ ಎರಡಕ್ಕೂ ರಾಜ ಅಂತ ಹೇಳಿಕೊಂಡ. 1069ರಲ್ಲಿ ಒಂದು ಮಠಕ್ಕೆ ದ್ವೀಪವೊಂದನ್ನು ದಾನ ಕೊಡುವಾಗ ಆ ಸಮುದ್ರವನ್ನು ನಮ್ಮದು ಅಂತ ಪತ್ರದಲ್ಲಿ ಬರೆಸಿದ. ಆರೇ ವರ್ಷಕ್ಕೆ ಆ "ನಮ್ಮ" ಸಮುದ್ರದ ಮೇಲೇ ಅಮಿಕೊ ಬಂದ.

1075ರ ವಸಂತದಲ್ಲಿ ನಾರ್ಮನ್ನರು ರಾಬ್ ದ್ವೀಪಕ್ಕೆ ಮುತ್ತಿಗೆ ಹಾಕಿದರು. ಊರು ಬೀಳಲಿಲ್ಲ. ಸಂತ ಕ್ರಿಸ್ಟೋಫರ್ ಕಾಪಾಡಿದ ಅಂತ ಆ ಊರಿನವರ ನಂಬಿಕೆ. ಆದರೆ ಅದೇ ವರ್ಷ ರಾಜ ಸಿಕ್ಕಿಬಿದ್ದ. ದಡದ ಪಟ್ಟಣಗಳು ನಾರ್ಮನ್ನರ ಹಿಡಿತಕ್ಕೆ ಹೋದವು. ಮುಗಿಯಿತಲ್ಲ, ಇನ್ನೇನು? ರಾಜ ಕೈಯಲ್ಲಿದ್ದಾನೆ, ಪಟ್ಟಣ ಕೈಯಲ್ಲಿದೆ. ಹೇಸ್ಟಿಂಗ್ಸ್ ಆಗಿ ಇನ್ನೂ ಒಂಬತ್ತೇ ವರ್ಷ. ಇಂಗ್ಲೆಂಡಿನಲ್ಲಿ ಆದದ್ದು ಇಲ್ಲೂ ಆಗಬೇಕಿತ್ತು.

ಆಗಲಿಲ್ಲ. ವರ್ಷ ಕಳೆಯುವುದರೊಳಗೆ ನಾರ್ಮನ್ನರು ಗಂಟುಮೂಟೆ ಕಟ್ಟಿದರು. ಯಾಕೆ?

ಮೊದಲನೇ ಕಾರಣ, ಅಮಿಕೊ ಹಿಂದೆ ದೊಡ್ಡವರು ಯಾರೂ ಇರಲಿಲ್ಲ. ಅವನು ಗಿಸ್ಕಾರ್ಡನ ವಿರುದ್ಧವೇ ಹಿಂದೆ ಬಂಡೆದ್ದವನು, ಇಬ್ಬರಿಗೂ ಅಷ್ಟಕ್ಕಷ್ಟೇ. ಗಿಸ್ಕಾರ್ಡನಿಗೋ ಅದೇ ಹೊತ್ತಿಗೆ ಮನೆಯೊಳಗಿನ ಬಂಡಾಯ ಅಡಗಿಸುವ ಕೆಲಸ. ಆಮೇಲೆ ಸಲೆರ್ನೊ ಮುತ್ತಿಗೆ, ಅದು ಮುಗಿದಾಗ 1076ರ ಡಿಸೆಂಬರ್.

ಎರಡನೇದು ಪೋಪ್ ಏಳನೇ ಗ್ರೆಗರಿ. 1074ರಲ್ಲಿ ಗಿಸ್ಕಾರ್ಡನಿಗೆ ಬಹಿಷ್ಕಾರ ಹಾಕಿದ್ದ. 1075ರ ಜನವರಿಯಲ್ಲಿ ಇದೇ ಗ್ರೆಗರಿ ಡೆನ್ಮಾರ್ಕಿನ ರಾಜ ಸ್ವೇನನಿಗೆ ಒಂದು ಕಾಗದ ಬರೆದಿದ್ದಾನೆ, ಓದಿದರೆ ನಗು ಬರುತ್ತದೆ. ನಮ್ಮಿಂದ ದೂರವಲ್ಲದ ಸಮುದ್ರದ ದಡದಲ್ಲಿ ಒಂದು ಶ್ರೀಮಂತ ಸೀಮೆ ಇದೆ, ನಿನ್ನ ಮಕ್ಕಳಲ್ಲಿ ಒಬ್ಬನನ್ನು ಕಳಿಸಿದರೆ ಅವನನ್ನು ಅಲ್ಲಿಗೆ ಒಡೆಯನನ್ನಾಗಿ ಮಾಡಬಹುದು, ಅಂತ ಅದರ ಸಾರಾಂಶ. ಅದು ಕ್ರೊಯೇಷಿಯಾ-ಡಾಲ್ಮೇಷಿಯಾವೇ ಇರಬೇಕು ಅಂತ ಅನೇಕರ ಊಹೆ. ಸೈಟು ತೋರಿಸುವ ಬ್ರೋಕರ್ ಥರ :-) ಡೆನ್ಮಾರ್ಕಿನಿಂದ ಯಾರೂ ಬರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಆ ಸೀಮೆಗೆ ಯಾರು ಒಡೆಯ ಅಂತ ತೀರ್ಮಾನಿಸುವವನು ತಾನು ಅಂತ ಪೋಪ್ ತಿಳಿದಿದ್ದ. ಅಮಿಕೊ ಅವನನ್ನು ಕೇಳಿ ಬಂದವನು ಅಂತ ಕಾಣುವುದಿಲ್ಲ.

ಮೂರನೇದು, ಎಲ್ಲಕ್ಕಿಂತ ಮುಖ್ಯವಾದದ್ದು, ವೆನಿಸ್. ವೆನಿಸ್ಸಿನ ಹಡಗುಗಳು ಹೊರಗಿನ ಲೋಕಕ್ಕೆ ಹೋಗಬೇಕಾದರೆ ಏಡ್ರಿಯಾಟಿಕ್ ಪೂರ್ತಿ ಇಳಿದೇ ಹೋಗಬೇಕು. ಅದರಲ್ಲೂ ಪೂರ್ವದ ದಡ ಹಿಡಿದೇ ಹೋಗಬೇಕು, ಯಾಕೆಂದರೆ ದ್ವೀಪಗಳ ಮರೆ, ಒಳ್ಳೆಯ ಬಂದರು, ನೀರು ಎಲ್ಲ ಇರುವುದು ಆ ಕಡೆ. ಎರಡೂ ದಡ ನಾರ್ಮನ್ನರ ಕೈಗೆ ಹೋದರೆ ವೆನಿಸ್ಸಿನ ಕುತ್ತಿಗೆಗೆ ಹಗ್ಗ ಬಿದ್ದ ಹಾಗೆ. ಡೋಜ್ ಡೊಮೆನಿಕೊ ಸೆಲ್ವೊ ಹಡಗು ತಂದು ನಾರ್ಮನ್ನರನ್ನು ಓಡಿಸಿದ. 1076ರ ಫೆಬ್ರವರಿಯಲ್ಲಿ ಸ್ಪ್ಲಿಟ್, ಟ್ರೊಗಿರ್, ಜಾದರ್, ಬಿಯೊಗ್ರಾಡ್ ಊರುಗಳ ಹಿರಿಯರ ಹತ್ತಿರ ಆಣೆ ಬರೆಸಿಕೊಂಡ: ಇನ್ನು ಮುಂದೆ ನಮ್ಮಲ್ಲಿ ಯಾರೂ ನಾರ್ಮನ್ನರನ್ನಾಗಲಿ ಬೇರೆ ಪರಕೀಯರನ್ನಾಗಲಿ ಡಾಲ್ಮೇಷಿಯಾಕ್ಕೆ ಕರೆತರುವುದಿಲ್ಲ ಅಂತ.

ಕರೆತರುವುದಿಲ್ಲ ಅಂತ ಆಣೆ ಹಾಕಿಸಿದರು ಅಂದರೆ, ಯಾರೋ ಕರೆದಿದ್ದರು ಅಂತ ತಾನೇ ಮಾರಾಯ್ರೆ? :-)

1076 ಮುಗಿಯುವ ಹೊತ್ತಿಗೆ ಸೊಲಿನ್ ಊರಿನ ಚರ್ಚಿನಲ್ಲಿ ಜ್ವೊನಿಮಿರ್ ಅನ್ನುವವನಿಗೆ ಪೋಪನ ಪ್ರತಿನಿಧಿ ಕಿರೀಟ ಇಟ್ಟಾಗಿತ್ತು. ಹೊಸ ರಾಜ ಪೋಪನಿಗೆ ವರ್ಷಕ್ಕೆ 200 ಚಿನ್ನದ ನಾಣ್ಯ ಕಪ್ಪ ಕೊಡಲಿಕ್ಕೆ ಒಪ್ಪಿದ. ಸೆರೆ ಸಿಕ್ಕ ರಾಜನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಇಲ್ಲಿಯವರೆಗೆ ನಡೆದದ್ದು. ಇನ್ನು ಮುಂದೆ ನನ್ನ ಕೊರೆತ.

ನಾವು ಕೋಡ್ ಬರೆಯುವವರು ಒಂದು ಬ್ರಾಂಚ್ ಮಾಡಿ, ಒಂದೇ ಒಂದು ಸಾಲು ಬದಲಿಸಿ ರನ್ ಮಾಡಿ ನೋಡುತ್ತೇವಲ್ಲ, ಇತಿಹಾಸದಲ್ಲಿ ಹಾಗೆ ಮಾಡಿದರೆ? ಹತ್ತು ಸಾಲು ಬದಲಿಸಿದರೆ ಅದು ಕಾದಂಬರಿ. ಒಂದೇ ಸಾಲು ಬದಲಿಸಬೇಕು. ನಾನು ಬದಲಿಸಿದ ಸಾಲು ಇದು: 1075ರಲ್ಲಿ ಅಮಿಕೊ ಬದಲಿಗೆ ಗಿಸ್ಕಾರ್ಡನೇ ತನ್ನ ಪೂರ್ತಿ ನೌಕಾಪಡೆ ಹೇರಿಕೊಂಡು ಬಂದ.

ಪೋಪ್ ಏನು ಮಾಡುತ್ತಾನೆ? ಸಿಟ್ಟಾಗುತ್ತಾನೆ, ಆಮೇಲೆ ಒಪ್ಪುತ್ತಾನೆ. ಲಿಯೋನನ್ನು ಸೆರೆ ಹಿಡಿದ ಆರು ವರ್ಷಕ್ಕೇ ಮೆಲ್ಫಿಯ ಒಪ್ಪಂದ ಆಗಿತ್ತಲ್ಲ? ನಿಜವಾಗಿಯೂ 1080ರಲ್ಲಿ ಗ್ರೆಗರಿ ಮತ್ತು ಗಿಸ್ಕಾರ್ಡ್ ರಾಜಿ ಆದರು, ಯಾಕೆಂದರೆ ಜರ್ಮನಿಯ ನಾಲ್ಕನೇ ಹೆನ್ರಿಯ ಎದುರು ಪೋಪನಿಗೆ ಕತ್ತಿ ಬೇಕಾಗಿತ್ತು. ಹಾಗಾಗಿ ಈ ಟೆಸ್ಟ್ ಪಾಸ್.

ವೆನಿಸ್? ಇಲ್ಲೇ ಫೇಲ್ ಆಗುವುದು. ಇದಕ್ಕೆ ಊಹೆ ಬೇಕಾಗಿಲ್ಲ, ಇತಿಹಾಸವೇ ಮಾಡಿ ತೋರಿಸಿದೆ. 1081ರಲ್ಲಿ ಗಿಸ್ಕಾರ್ಡ್ ನಿಜವಾಗಿಯೂ ಏಡ್ರಿಯಾಟಿಕ್ ದಾಟಿದ, ಸ್ವಲ್ಪ ದಕ್ಷಿಣಕ್ಕೆ, ಇವತ್ತಿನ ಅಲ್ಬೇನಿಯಾದ ದುರೆಸ್ ಊರಿಗೆ. ಈಗ ನಾವು ಡುಬ್ರೊವ್ನಿಕ್ ಅನ್ನುವ ರಗೂಸಾದವರೂ ಡಾಲ್ಮೇಷಿಯಾದ ಬೇರೆಯವರೂ ಅವನ ಕಡೆ ಸೇರಿದ್ದರು. ನೆಲದ ಮೇಲೆ ಬೈಜಾಂಟಿಯಂ ಚಕ್ರವರ್ತಿಯನ್ನೇ ಸೋಲಿಸಿದ. ಆದರೆ ವೆನಿಸ್ಸಿನ ಹಡಗುಗಳು ಬಿಡಲಿಲ್ಲ, ಚಕ್ರವರ್ತಿ ಅದಕ್ಕೆ ಬದಲಾಗಿ ವೆನಿಸ್ಸಿಗೆ ವ್ಯಾಪಾರದ ಸುಂಕವನ್ನೇ ಮನ್ನಾ ಮಾಡಿದ. 1085ರಲ್ಲಿ ಗಿಸ್ಕಾರ್ಡ್ ಸತ್ತ ಮೇಲೆ ಆಚೆ ದಡದಲ್ಲಿ ಅವನದೇನೂ ಉಳಿಯಲಿಲ್ಲ. ಹಾಗಾಗಿ ನನ್ನ ಬ್ರಾಂಚಿನಲ್ಲೂ ನಾರ್ಮನ್ನರು ಕ್ರೊಯೇಷಿಯಾವನ್ನು ಒಂದು ತಲೆಮಾರಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವುದು ಕಷ್ಟ. ಒಳನಾಡಿನ ಕೋಟೆಗಳು ಉಳಿದಾವು, ದಡ ಉಳಿಯದು.

ಆದರೆ ಒಂದು ತಲೆಮಾರು ಸಾಕಲ್ಲ? ಇಂಗ್ಲೆಂಡಿನಲ್ಲಿ ಆದದ್ದೆಲ್ಲ ಒಂದೇ ತಲೆಮಾರಿನಲ್ಲಿ. ಅಲ್ಲಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಬದಲಾಯಿತು. ರಾಜ ಯಾರಾಗುತ್ತಿದ್ದ ಅನ್ನುವುದಲ್ಲ, ಆ ಜನರ ಮಾತು, ಬರಹ ಏನಾಗುತ್ತಿತ್ತು ಅನ್ನುವುದು.

ಯಾಕೆಂದರೆ ನಾರ್ಮನ್ನರಿಗೆ ಎರಡು ಮುಖ. ಇಂಗ್ಲೆಂಡಿನಲ್ಲಿ ವಿಲಿಯಂ ಹಳೇ ಒಡೆಯರನ್ನು ಗುಡಿಸಿ ಹಾಕಿದ. 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕ ತೆಗೆದರೆ ದೊಡ್ಡ ಜಮೀನುದಾರರಲ್ಲಿ ಇಂಗ್ಲಿಷರು ಬೆರಳೆಣಿಕೆಯಷ್ಟು. ಬಿಷಪ್ಪುಗಳನ್ನೂ ಬದಲಿಸಿದ. 1070ರ ಹೊತ್ತಿಗೆ ರಾಜಾಜ್ಞೆಗಳು ಇಂಗ್ಲಿಷಿನಿಂದ ಲ್ಯಾಟಿನ್ನಿಗೆ ತಿರುಗಿದವು. ನೂರಾರು ವರ್ಷದಿಂದ ಇಂಗ್ಲಿಷಿನಲ್ಲಿ ಬರೆಯುತ್ತಾ ಬಂದಿದ್ದ ವೃತ್ತಾಂತವೊಂದನ್ನು ಪೀಟರ್‌ಬರೋ ಮಠದ ಸನ್ಯಾಸಿಗಳು ಹೇಗೋ ಎಳೆದುಕೊಂಡು ಬಂದರು, ಅದೂ 1154ನೇ ವರ್ಷದ ಟಿಪ್ಪಣಿಗೆ ನಿಂತುಹೋಯಿತು.

ಸಿಸಿಲಿಗೆ ಬನ್ನಿ. ಅದೇ ನಾರ್ಮನ್ನರು, ಅದೇ ಕಾಲ. ಅಲ್ಲಿಯ ರಾಜ ಎರಡನೇ ರೋಜರನ ಕಚೇರಿಯಲ್ಲಿ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರೂ ನಡೆಯುತ್ತಿತ್ತು. ಅವನ ರೇಷ್ಮೆ ನಿಲುವಂಗಿಯ ಅಂಚಿನಲ್ಲಿರುವುದು ಅರಬ್ಬಿ ಅಕ್ಷರ. ಅಲ್ ಇದ್ರಿಸಿ ಅನ್ನುವ ವಿದ್ವಾಂಸ ರೋಜರನಿಗಾಗಿ ಅರಬ್ಬಿಯಲ್ಲಿ ಬರೆದ ಭೂಗೋಳದ ಪುಸ್ತಕ ಮುಗಿದದ್ದು ಯಾವಾಗ ಗೊತ್ತಾ? ಅದೇ 1154! ಒಂದು ಕಡೆ ನಾರ್ಮನ್ನರ ಕೆಳಗೆ ಒಂದು ಭಾಷೆಯ ವೃತ್ತಾಂತ ನಿಂತಿತು, ಇನ್ನೊಂದು ಕಡೆ ನಾರ್ಮನ್ನರ ದುಡ್ಡಿನಲ್ಲೇ ಇನ್ನೊಂದು ಭಾಷೆಯಲ್ಲಿ ಲೋಕದ ನಕಾಶೆ ಸಿದ್ಧವಾಯಿತು. ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಈ ವ್ಯತ್ಯಾಸ ನಾರ್ಮನ್ನರ ಒಳ್ಳೇತನ, ಕೆಟ್ಟತನದಿಂದ ಬಂದದ್ದಲ್ಲ. ಸಿಸಿಲಿಯಲ್ಲಿ ಕಂದಾಯದ ಲೆಕ್ಕ ಗೊತ್ತಿದ್ದವರು ಅರಬ್ಬಿ, ಗ್ರೀಕ್ ಗುಮಾಸ್ತರು. ಅವರಿಲ್ಲದೆ ಖಜಾನೆ ನಡೆಯುತ್ತಿರಲಿಲ್ಲ. ಇಂಗ್ಲೆಂಡಿನಲ್ಲೂ ಲೆಕ್ಕಪತ್ರ ಚೆನ್ನಾಗಿಯೇ ಇತ್ತು, ಆದರೆ ಅದನ್ನು ಲ್ಯಾಟಿನ್ನಿಗೆ ತಿರುಗಿಸಿಕೊಂಡರೆ ಸಾಕಾಗಿತ್ತು. ಹಳಬರು ಬೇಕಾಗಿರಲಿಲ್ಲ.

ಈಗ ಕ್ರೊಯೇಷಿಯಾದಲ್ಲಿ ಈ ಲೆಕ್ಕ ಹಾಕಿ. ಪಟ್ಟಣದವರು ಲ್ಯಾಟಿನ್ ಬರೆಯುವವರು, ಅವರು ಹೊಸ ಒಡೆಯನಿಗೂ ಬೇಕು. ಉಳಿದುಕೊಳ್ಳುತ್ತಾರೆ. ಆದರೆ ಒಳನಾಡಿನ ಕ್ರೊಯೇಟರ ಪಾದ್ರಿಗಳು ಸ್ಲಾವ್ ಭಾಷೆಯಲ್ಲಿ ಪೂಜೆ ಮಾಡುತ್ತಿದ್ದರು, ಗ್ಲಾಗೊಲಿಟಿಕ್ ಅನ್ನುವ ಅವರದೇ ಲಿಪಿಯಲ್ಲಿ ಬರೆಯುತ್ತಿದ್ದರು. ಒಂಬತ್ತನೇ ಶತಮಾನದಲ್ಲಿ ಹುಟ್ಟಿದ, ಉಂಗುರ ತ್ರಿಕೋನಗಳ ಚಂದದ ಲಿಪಿ. ಇವರು ಯಾವ ಖಜಾನೆಗೂ ಬೇಕಾದವರಲ್ಲ. 1060ರ ಸ್ಪ್ಲಿಟ್ ಸಭೆಯಲ್ಲೇ ಚರ್ಚು ಸ್ಲಾವ್ ಪೂಜೆಯ ಮೇಲೆ ಕಣ್ಣು ಕೆಂಪಗೆ ಮಾಡಿತ್ತು. ಅದರ ಮೇಲೆ ಪೋಪನ ಒಪ್ಪಿಗೆ ಉಳಿಸಿಕೊಳ್ಳಬೇಕಾದ ನಾರ್ಮನ್ ಒಡೆಯ ಬಂದಿದ್ದರೆ? ದಡಕ್ಕೆ ಸಿಸಿಲಿಯ ಮುಖ, ಒಳನಾಡಿಗೆ ಇಂಗ್ಲೆಂಡಿನ ಮುಖ ತೋರಿಸುತ್ತಿದ್ದ ಅಂತ ನನಗನ್ನಿಸುತ್ತದೆ. ಆ ಲಿಪಿ ಮ್ಯೂಸಿಯಂ ಸೇರುತ್ತಿತ್ತು.

ನಿಜವಾಗಿ ಏನಾಯಿತು? ಜ್ವೊನಿಮಿರ್ 1089ರಲ್ಲಿ ಸತ್ತ, ಅವನ ನಂತರ ಪಟ್ಟಕ್ಕೆ ಮಗನಿರಲಿಲ್ಲ. ಅವನ ಹೆಂಡತಿ ಯೆಲೆನಾ ಹಂಗೇರಿಯ ರಾಜನ ತಂಗಿ, ಆ ನಂಟಿನ ನೆಪದಲ್ಲಿ ಹಂಗೇರಿಯವರು ಬಂದರು. 1097ರಲ್ಲಿ ಕ್ರೊಯೇಟರ ಕೊನೆಯ ರಾಜ ಪೀಟರ್ ಸ್ನಾಚಿಚ್ ಯುದ್ಧದಲ್ಲಿ ಸತ್ತ. 1102ರಲ್ಲಿ ಹಂಗೇರಿಯ ರಾಜ ಕೊಲೊಮನ್ ಬಿಯೊಗ್ರಾಡಿನಲ್ಲಿ ಕ್ರೊಯೇಷಿಯಾದ ಕಿರೀಟವನ್ನೂ ಇಟ್ಟುಕೊಂಡ. ಆದರೆ ಅವನು ಇಂಗ್ಲೆಂಡಿನ ವಿಲಿಯಂ ಮಾಡಿದ ಹಾಗೆ ಜಮೀನು ಕಿತ್ತು ಹಂಚಲಿಲ್ಲ. ಊರಿನ ಒಡೆಯರು ಉಳಿದರು, ಕ್ರೊಯೇಷಿಯಾ ರಾಜ್ಯ ಅನ್ನುವ ಹೆಸರು ಉಳಿಯಿತು. 1918ರವರೆಗೂ ಆ ಎರಡು ಕಿರೀಟ ಒಟ್ಟಿಗೇ ಇದ್ದವು. ಒಡೆಯರು ಉಳಿದದ್ದರಿಂದ ಅವರು ದಾನ ಕೊಟ್ಟ ಸಣ್ಣ ಮಠಗಳು ಉಳಿದವು, ಅವುಗಳೊಳಗೆ ಲಿಪಿ ಉಳಿಯಿತು. 1248ರಲ್ಲಿ ಪೋಪನೇ ಸೆನ್ಯ್ ಊರಿನ ಬಿಷಪ್ಪನಿಗೆ ಅದನ್ನು ಬಳಸಲಿಕ್ಕೆ ಅನುಮತಿ ಕೊಟ್ಟ. 1483ರಲ್ಲಿ ಕ್ರೊಯೇಟರ ಮೊದಲ ಅಚ್ಚಿನ ಪುಸ್ತಕ ಬಂದದ್ದು ಇದೇ ಲಿಪಿಯಲ್ಲಿ.

ಇನ್ನೊಂದು ತಮಾಷೆ ಕೇಳಿ. ಅದೇ 1097ರಲ್ಲಿ, ಪೀಟರ್ ಸತ್ತ ವರ್ಷವೇ, ಬಿಯೊಗ್ರಾಡ್ ಬಂದರಿಗೆ ಒಂದು ದಿಬ್ಬಣದ ಹಡಗು ಬಂತು. ಅದರಲ್ಲಿದ್ದ ಹುಡುಗಿ ಸಿಸಿಲಿಯ ಕೌಂಟ್ ಮೊದಲನೇ ರೋಜರನ ಮಗಳು, ಗಿಸ್ಕಾರ್ಡನ ತಮ್ಮನ ಮಗಳು ಫೆಲಿಸಿಯಾ. ಗಂಡು ಇದೇ ಕೊಲೊಮನ್. ಅವರ ಮಗ ಎರಡನೇ ಸ್ಟೀಫನ್ 1116ರಿಂದ 1131ರವರೆಗೆ ಹಂಗೇರಿಗೂ ಕ್ರೊಯೇಷಿಯಾಕ್ಕೂ ರಾಜ. ಅಂದರೆ ನಾರ್ಮನ್ ತಾಯಿಯ ಮಗನೊಬ್ಬ ಕ್ರೊಯೇಷಿಯಾವನ್ನು ಹದಿನೈದು ವರ್ಷ ಆಳಿಯೇ ಬಿಟ್ಟ! ನಾನು ರಾತ್ರಿಯೆಲ್ಲ ಕೂತು ಬ್ರಾಂಚ್ ಮಾಡಿದ್ದು ದಂಡ, ಅದು ಆಗಲೇ ಮರ್ಜ್ ಆಗಿ ಹೋಗಿತ್ತು :-) ಕತ್ತಿ ಹಿಡಿದು ಬಂದ ಅಮಿಕೊಗೆ ದಕ್ಕದ್ದು ಮದುಮಗಳಿಗೆ ದಕ್ಕಿತು. ಅವಳ ಕಾಲು ತಾಕಿದ ಬಿಯೊಗ್ರಾಡನ್ನು ಮಾತ್ರ 1125ರ ಹೊತ್ತಿಗೆ ವೆನಿಸ್ಸಿನವರು ನೆಲಸಮ ಮಾಡಿದರು. ವೆನಿಸ್ ಆ ದಡವನ್ನು ಬಿಡುವ ಪೈಕಿ ಅಲ್ಲ. 1409ರಲ್ಲಿ ನೇಪಲ್ಸಿನ ರಾಜನೊಬ್ಬ ಡಾಲ್ಮೇಷಿಯಾದ ಹಕ್ಕನ್ನು ಅವರಿಗೆ ಒಂದು ಲಕ್ಷ ಡಕೆಟ್ಟಿಗೆ ಮಾರಿಯೇ ಬಿಟ್ಟ.

ಕೊನೆಗೆ ಒಂದು ಕಲ್ಲಿನ ವಿಷಯ ಹೇಳಿ ಮುಗಿಸುತ್ತೇನೆ. ಕ್ರೊಯೇಷಿಯಾದಲ್ಲಿ ಕ್ರ್ಕ್ ಅಂತ ಒಂದು ದ್ವೀಪ ಇದೆ. (ಹೌದು, ಸ್ವರವೇ ಇಲ್ಲದ ಹೆಸರು. ಟೈಪ್ ಮಾಡಲಿಕ್ಕೆ ನನಗೆ ಮೂರು ಸಲ ಬೇಕಾಯಿತು.) ಅಲ್ಲಿ ಬಾಷ್ಕಾದ ಹತ್ತಿರದ ಸಣ್ಣ ಚರ್ಚಿನಲ್ಲಿ 1851ರಲ್ಲಿ ಒಂದು ಶಾಸನ ಸಿಕ್ಕಿತು. ಸುಮಾರು 1100ನೇ ಇಸವಿಯದು, ಗ್ಲಾಗೊಲಿಟಿಕ್ ಲಿಪಿಯದು. ರಾಜ ಜ್ವೊನಿಮಿರ್ ತನ್ನ ಕಾಲದಲ್ಲಿ ಸಂತ ಲೂಸಿಯ ಚರ್ಚಿಗೆ ಜಮೀನು ಕೊಟ್ಟದ್ದನ್ನು ಮಠಾಧಿಪತಿ ಬರೆಸಿದ್ದಾನೆ. ಸಾಕ್ಷಿಗಳ ಹೆಸರಿದೆ. ಇದನ್ನು ಅಲ್ಲಗಳೆದವನಿಗೆ ಅಪೊಸ್ತಲರ ಶಾಪ ತಟ್ಟಲಿ ಅಂತಲೂ ಇದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ ನೆನಪಾಗಿ ಒಬ್ಬನೇ ನಕ್ಕೆ. ಕ್ರೊಯೇಟರ ರಾಜನ ಹೆಸರು ಅವರದೇ ಭಾಷೆಯಲ್ಲಿ, ಅವರದೇ ಅಕ್ಷರದಲ್ಲಿ ಸಿಗುವುದು ಈ ಕಲ್ಲಿನ ಮೇಲೆ. ಲ್ಯಾಟಿನ್ ಪತ್ರ ಬರೆದವನು ಸೆರೆ ಸಿಕ್ಕ ರಾಜನ ಹೆಸರು ಬರೆಯುವ ಗೋಜಿಗೆ ಹೋಗಲಿಲ್ಲ. ಊರಿನ ಪಾದ್ರಿ ಬರೆಸಿದ ಕಲ್ಲಿನಲ್ಲಿ, ಸತ್ತು ಹತ್ತು ವರ್ಷವಾದ ರಾಜನ ಹೆಸರೂ ಉಳಿಯಿತು, ಜಮೀನೂ ಉಳಿಯಿತು, ಸಾಕ್ಷಿ ಹೇಳಿದವರೂ ಉಳಿದರು.

ಗ್ಲಾಗೊಲಿಟಿಕ್ ಲಿಪಿ 2005ರಲ್ಲಿ ಯುನಿಕೋಡಿಗೆ ಸೇರಿತು. ಒಂಬೈನೂರು ವರ್ಷದ ಹಿಂದೆ ಆ ಪಾದ್ರಿ ಕಲ್ಲಿನಲ್ಲಿ ಕೊರೆಸಿದ ಅಕ್ಷರವನ್ನು ಈಗ ಯಾರು ಬೇಕಾದರೂ ಕುಟ್ಟಬಹುದು, ನಾನು ನೀವು ಕನ್ನಡ ಕುಟ್ಟುವ ಹಾಗೇ.

ಅಷ್ಟು ಹೊತ್ತಿಗೆ ಬೆಳಗಿನ ಜಾವ ನಾಲ್ಕೂವರೆ. ತಿರುಗಿ ನೋಡಿದರೆ ಬಿಲ್ಡ್ ಫೇಲ್ ಆಗಿ ಎರಡು ಗಂಟೆಯಾಗಿತ್ತು :-(

ನೀವಾಗಿದ್ದರೆ ಯಾವ ಸಾಲು ಬದಲಿಸುತ್ತಿದ್ದಿರಿ?